ನೆಲಕ್ಕೆ ಹಣೆಯಿಟ್ಟ ಬಳ್ಳಿ

(ಜುಮಾ ಖುತ್ಬಾದ ಸಾರಾಂಶ)



ಕಳೆದ ಬೇಸಿಗೆಯಲ್ಲಿ ನಾವು ಕಡಲ ತೀರದಲ್ಲಿ ಶ್ರಮದಾನ ಮಾಡಿದೆವು. ಪ್ಲಾಸ್ಟಿಕ್ ಹೆಕ್ಕಿದೆವು, ಅದು ಒಳ್ಳೆಯ ಕೆಲಸ. ಆದರೆ ಮರಳ ದಿಣ್ಣೆಯ ಮೇಲೆ ಹಬ್ಬಿದ್ದ ಅಡುಂಬು ಬಳ್ಳಿಯನ್ನೂ ಕಳೆಯೆಂದು ತಿಳಿದು ಕಿತ್ತು ರಾಶಿ ಹಾಕಿದೆವು. ಮೀನುಗಾರ ಹಿರಿಯರೊಬ್ಬರು ಬೇಡವೆಂದರು. ನಾವು ಕೇಳಲಿಲ್ಲ.

ಆಡಿನ ಗೊರಸಿನಂತೆ ಸೀಳಿದ ಎಲೆ, ಬೆಳಿಗ್ಗೆ ಅರಳಿ ಮಧ್ಯಾಹ್ನದ ಹೊತ್ತಿಗೆ ಬಾಡುವ ನಸುನೇರಳೆ ಹೂ. ಉಳ್ಳಾಲ, ಮಲ್ಪೆಯ ಮರಳಲ್ಲಿ ನಾವೆಲ್ಲರೂ ತುಳಿದು ದಾಟಿದ ಬಳ್ಳಿಯೇ ಇದು. ಉಪ್ಪುಗಾಳಿ, ಸುಡುವ ಮರಳು ಇದಕ್ಕೆ ಲೆಕ್ಕಕ್ಕಿಲ್ಲ. ಗೆಣ್ಣುಗೆಣ್ಣಿಗೆ ಬೇರು ಬಿಟ್ಟು ಮರಳನ್ನು ಹಿಡಿಯುತ್ತದೆ. ಗಾಳಿ ತಂದ ಮರಳು ಎಲೆಗಳ ನಡುವೆ ತಂಗಿ ದಿಣ್ಣೆ ಬೆಳೆಯುತ್ತದೆ. ಇದರ ಬೀಜ ಕಡಲಲ್ಲಿ ತೇಲಿ ದೂರದ ದಡದಲ್ಲೂ ಮೊಳೆಯುತ್ತದೆ.

ಮಳೆಗಾಲದ ದೊಡ್ಡ ತೆರೆಯನ್ನು ಈ ಬಳ್ಳಿಯೊಂದೇ ತಡೆಯುತ್ತದೆ ಎಂದು ನಾವು ಹೇಳುವುದಿಲ್ಲ. ಆದರೆ ಬರಿದಾದ ಮರಳು ಬೇಗ ಸಡಿಲವಾಗುತ್ತದೆ. ದಿಣ್ಣೆ ತಗ್ಗಿದರೆ ನೀರು ಮೊದಲು ತಲುಪುವುದು ದಡದ ಮನೆಗಳಿಗೆ. ಅವರು ನಮ್ಮ ನೆರೆಯವರು. ನೆರೆಯವರ ಹಕ್ಕಿನ ಬಗ್ಗೆ ಪ್ರವಾದಿ(ಸ)ರವರು ಎಷ್ಟು ಒತ್ತಿ ಹೇಳಿದ್ದಾರೆಂದು ನಾವೆಲ್ಲ ಬಲ್ಲೆವು.

ಸೂರಃ ಅರ್ರಹ್ಮಾನ್‌ನ 6ನೇ ವಚನದಲ್ಲಿ 'ನಜ್ಮ್' ಹಾಗೂ ಮರಗಳು ಅಲ್ಲಾಹನಿಗೆ ಸುಜೂದ್ ಮಾಡುವ ವಿಚಾರವಿದೆ. ನಜ್ಮ್ ಎಂದರೆ ನಕ್ಷತ್ರವೆಂದು ಕೆಲವರು ಅರ್ಥೈಸಿದ್ದಾರೆ. ಕಾಂಡವಿಲ್ಲದೆ ನೆಲದ ಮೇಲೆ ಹರಡುವ ಸಸ್ಯವೆಂದು ಇಬ್ನ್ ಅಬ್ಬಾಸ್(ರ)ರಿಂದ ವರದಿಯಾಗಿದೆ. ಹಾಗಾದರೆ ನಾವು ಅಂದು ಕಸವೆಂದು ಕಿತ್ತದ್ದು ಸುಜೂದ್‌ನಲ್ಲಿದ್ದ ಒಂದು ಸೃಷ್ಟಿಯನ್ನು.

ತಿಳಿಯದೆ ಮಾಡಿದೆವು, ನಿಜ. ಆದರೆ ಈಗ ತಿಳಿಯಿತಲ್ಲ? ತೌಬಾ ಎಂದರೆ ಬಾಯಲ್ಲಿ ಇಸ್ತಿಗ್ಫಾರ್ ಹೇಳುವುದಷ್ಟೇ ಅಲ್ಲ. ತಪ್ಪಿಗೆ ಮರುಗಬೇಕು, ಅದನ್ನು ಬಿಡಬೇಕು, ಮತ್ತೆ ಮಾಡದಿರುವ ಸಂಕಲ್ಪ ಬೇಕು. ಇನ್ನೊಬ್ಬರ ಹಕ್ಕು ಕಳೆದಿದ್ದರೆ ಅದನ್ನು ಮರಳಿಸಬೇಕು.

ಮಳೆ ಹಿಡಿಯುತ್ತಲೇ, ಉಳಿದಿರುವ ಬಳ್ಳಿಯಿಂದ ಗೆಣ್ಣಿರುವ ತುಂಡುಗಳನ್ನು ತಂದು ಮರಳಲ್ಲಿ ಊರೋಣ. ಅವು ಬೇರು ಬಿಡುತ್ತವೆ. ಬೈಕ್, ಜೀಪುಗಳನ್ನು ದಿಣ್ಣೆ ಹತ್ತಿಸದಂತೆ ಮಕ್ಕಳಿಗೆ ಹೇಳೋಣ. ಮುಂದಿನ ಶ್ರಮದಾನದಲ್ಲಿ ಪ್ಲಾಸ್ಟಿಕ್ ಮಾತ್ರ ಹೆಕ್ಕೋಣ. ಎಲ್ಲಕ್ಕಿಂತ ಮೊದಲು ಆ ಹಿರಿಯರ ಮನೆಗೆ ಹೋಗಿ ಕ್ಷಮೆ ಕೇಳೋಣ, ಎಲ್ಲಿ ನೆಡಬೇಕೆಂದು ಅವರನ್ನೇ ಕೇಳೋಣ.

ಅಲ್ಲಾಹನು ನಮ್ಮ ತೌಬಾವನ್ನು ಸ್ವೀಕರಿಸಲಿ, ದಡದ ಮನೆಗಳನ್ನು ಕಾಪಾಡಲಿ. ಆಮೀನ್.