ಸಿರಿಯಸ್ ಒಡೆದ ದಿನ: 1790ರ ಒಂದು ಚಿತ್ರ ಹೇಳೋದು, ಹೇಳದೇ ಬಿಟ್ಟಿದ್ದು

ಇವತ್ತು ಒಂದೇ ಒಂದು ಚಿತ್ರ ನೋಡೋಣ. ಜಲವರ್ಣದ್ದು. ಬಂಡೆಸಾಲಿಗೆ ಸಿಕ್ಕಿಕೊಂಡ ಹಡಗು, ಸುತ್ತ ನೊರೆ ಕಾರೋ ಅಲೆಗಳು. ಹಡಗಿನ ಹೆಸರು ಸಿರಿಯಸ್. ಜಾಗ ನಾರ್ಫೋಕ್ ದ್ವೀಪ, ಸಿಡ್ನಿಯಿಂದ ಸುಮಾರು 1,700 ಕಿಲೋಮೀಟರ್ ದೂರ. ಬರೆದವರು ವಿಲಿಯಂ ಬ್ರಾಡ್ಲಿ, ಅದೇ ಹಡಗಿನ ಲೆಫ್ಟಿನೆಂಟ್.

ಅಷ್ಟು ದೂರ ಹಡಗು ಹೋಗಿದ್ದು ಯಾಕೆ? ಹಸಿವಿನಿಂದ. ಬ್ರಿಟಿಷರು 1788ರಲ್ಲಿ ಸಿಡ್ನಿಯಲ್ಲಿ ಕೈದಿಗಳ ವಸಾಹತು ಹೂಡಿದರು. ಎರಡೇ ವರ್ಷಕ್ಕೆ ಉಗ್ರಾಣ ಬರಿದಾಗ್ತಾ ಬಂತು. ಒಂದಷ್ಟು ಜನರನ್ನ ನಾರ್ಫೋಕ್‌ಗೆ ಸಾಗಿಸಿದರೆ ಅಲ್ಲೇ ಬೆಳೆದುಕೊಂಡು ತಿಂತಾರೆ ಅನ್ನೋದು ಗವರ್ನರ್ ಆರ್ಥರ್ ಫಿಲಿಪ್ ಲೆಕ್ಕ. ಕೈದಿಗಳೂ ಸೈನಿಕರೂ ದಡ ಸೇರಿದ್ದರು, ಸಾಮಾನು ಇಳಿಸೋದು ಬಾಕಿ ಇತ್ತು. 1790ರ ಮಾರ್ಚ್ 19ರಂದು ಹಡಗು ಬಂಡೆಗೆ ಬಡಿಯಿತು.

ನಾವಿಕರು ಕೂಡಲೇ ಹಾಯಿಕಂಬಗಳನ್ನ ಕಡಿದು ಬೀಳಿಸಿದರು. ಆ ಅಲೆಯಲ್ಲಿ ದೋಣಿ ಇಳಿಸೋ ಹಾಗಿರಲಿಲ್ಲ. ಹಾಗಾಗಿ ಒಂದು ಖಾಲಿ ಪೀಪಾಯಿಗೆ ಹಗ್ಗ ಕಟ್ಟಿ ತೇಲಿಬಿಟ್ಟರು. ಹಡಗು ಒಡೆದ ಅಲೆಯೇ ಅದನ್ನ ದಡಕ್ಕೆ ತಂದುಕೊಟ್ಟಿತು! ದಡದವರು ಆ ಹಗ್ಗ ಹಿಡಿದು, ಅದರ ಹಿಂದೆ ಬಂದ ದಪ್ಪ ಹಗ್ಗವನ್ನ ಮರಕ್ಕೆ ಬಿಗಿದರು. ಅದರ ಮೇಲೆ ಜಾರೋ ಹಾಗೆ ಮರದ ಜಾಲರಿ ತೂಗುಬಿಟ್ಟು, ಜನರನ್ನ ಅದರಲ್ಲಿ ಎಳೆದುಕೊಂಡರು. ಕ್ಯಾಪ್ಟನ್ ಜಾನ್ ಹಂಟರ್ ಕೂಡ ಹೀಗೇ ಅಲೆಯಲ್ಲಿ ಮುಳುಗೇಳ್ತಾ ದಡ ಸೇರಿದರು. ಒಂದು ಜೀವವೂ ಹೋಗಲಿಲ್ಲ.

ಈ ಚಿತ್ರವನ್ನ ನಂಬಬಹುದಾ? ಬಹುಮಟ್ಟಿಗೆ ನಂಬಬಹುದು. ಕ್ಯಾಮೆರಾ ಇಲ್ಲದ ಕಾಲದಲ್ಲಿ ತೀರ, ಬಂಡೆ, ಕೊಲ್ಲಿಗಳನ್ನ ಕಂಡ ಹಾಗೆ ಬರೆಯೋದು ನೌಕಾ ಅಧಿಕಾರಿಯ ಕೆಲಸದ ಭಾಗವೇ ಆಗಿತ್ತು. ಮುಂದಿನ ಹಡಗಿನವರ ಪ್ರಾಣ ಅದರ ಮೇಲೆ ನಿಂತಿರ್ತಿತ್ತು. ಅದೇ ಹಡಗಿನ ಜಾರ್ಜ್ ರೇಪರ್ ಅನ್ನೋ ತರುಣನೂ ಇದೇ ದುರಂತವನ್ನ ಚಿತ್ರಿಸಿದ್ದಾನೆ.

ಆದರೆ ಆಮೇಲಿನ ಕತೆ ಈ ಚೌಕಟ್ಟಿನಲ್ಲಿಲ್ಲ. ನಾವಿಕರು ಸುಮಾರು ಹನ್ನೊಂದು ತಿಂಗಳು ಅಲ್ಲೇ ಸಿಕ್ಕಿಕೊಂಡರು. ದ್ವೀಪದ ಪಿಟ್ ಬೆಟ್ಟದಲ್ಲಿ ಗೂಡು ಕಟ್ತಿದ್ದ ಕಡಲಹಕ್ಕಿಗಳು ಅವರ ಹೊಟ್ಟೆ ತುಂಬಿಸಿದವು. ಕೆಲವೇ ತಿಂಗಳಲ್ಲಿ ಕೊಂದದ್ದು ಲಕ್ಷಕ್ಕೂ ಹೆಚ್ಚು. ಮುಂದೆ ಕೆಲವೇ ವರ್ಷಗಳಲ್ಲಿ ಆ ಹಕ್ಕಿ ನಾರ್ಫೋಕ್‌ನಿಂದಲೇ ಅಳಿದುಹೋಯ್ತು. ಮನುಷ್ಯರು ಬದುಕಿದ್ದು ನಿಜ, ಅದಕ್ಕೆ ಬೆಲೆ ತೆತ್ತವರು ಯಾರು ಅನ್ನೋದೂ ಅಷ್ಟೇ ನಿಜ.

ಚಿತ್ರ ಎಲ್ಲವನ್ನೂ ಹೇಳೋದಿಲ್ಲ ಅನ್ನೋದು ನಮಗೂ ಪಾಠ. ಮರುವರ್ಷವೇ, 1791ರಲ್ಲಿ, ಕಾರ್ನ್‌ವಾಲಿಸ್ ನೇತೃತ್ವದ ಬ್ರಿಟಿಷ್ ಸೈನ್ಯ ಬೆಂಗಳೂರಿನ ಕೋಟೆ ಹಿಡಿಯಿತು. ಆ ಸೈನ್ಯದ ಜೊತೆ ಬಂದ ಚಿತ್ರಕಾರ ರಾಬರ್ಟ್ ಹೋಮ್ ನಮ್ಮ ಕೋಟೆಯ ಚಿತ್ರಗಳನ್ನ ಬರೆದರು. ಇವತ್ತು ಹಳೇ ಬೆಂಗಳೂರು ಅಂತ ನಾವೆಲ್ಲ ಹಂಚಿಕೊಳ್ಳೋ ಚಿತ್ರಗಳಲ್ಲಿ ಅವೂ ಇವೆ. ದಯವಿಟ್ಟು ಹಂಚೋ ಮೊದಲು ಎರಡು ಪ್ರಶ್ನೆ ಕೇಳಿ: ಬರೆದವರು ಯಾರ ಪಕ್ಕ ನಿಂತಿದ್ದರು? ಯಾರನ್ನ ಬರೆಯದೇ ಬಿಟ್ಟರು?