ಕಂದಾಯದ ರಸೀದಿಯಲ್ಲಿರುವ ಪುಸ್ತಕದ ಹಣ

ನಗರದಲ್ಲಿ ಮನೆ ಕಂದಾಯ ಕಟ್ಟುವಾಗ 100 ರೂಪಾಯಿ ಆಸ್ತಿ ತೆರಿಗೆಯ ಮೇಲೆ 6 ರೂಪಾಯಿ ಗ್ರಂಥಾಲಯ ಕರವನ್ನೂ ಕೊಡುತ್ತೇವೆ. 5,000 ರೂಪಾಯಿ ತೆರಿಗೆಯ ಮನೆಯಿಂದ ವರ್ಷಕ್ಕೆ 300 ರೂಪಾಯಿ ಪುಸ್ತಕಕ್ಕೆಂದೇ ಹೊರಡುತ್ತದೆ. ಇದಕ್ಕೆ ಆಧಾರ ಕರ್ನಾಟಕದ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ. ನಗರಕ್ಕೂ ಜಿಲ್ಲೆಗೂ ಒಂದೊಂದು ಗ್ರಂಥಾಲಯ ಪ್ರಾಧಿಕಾರ, ಅದಕ್ಕೊಂದು ಸ್ವಂತ ನಿಧಿ: ಆ ಕಾಯ್ದೆಯ ಜೀವಾಳವೇ ಇದು. ಗ್ರಂಥಾಲಯ ಬೆಳೆಯುವ ಜೀವಿ ಎಂದು ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ 1931ರಲ್ಲೇ ಹೇಳಿದ್ದರು. ಬೆಳೆಯುವ ಜೀವಿಗೆ ಹೊತ್ತುಹೊತ್ತಿಗೆ ಊಟ ಬೇಕು. ಅವರ ಶ್ರಮದಿಂದ ಬಂದ 1948ರ ಮದರಾಸು ಕಾಯ್ದೆಯಲ್ಲಿ ಕರ ಇದ್ದದ್ದು ಅದಕ್ಕಾಗಿಯೇ. 1967ರ ಮಹಾರಾಷ್ಟ್ರ ಕಾಯ್ದೆಯಲ್ಲಿ ಕರವಿಲ್ಲ. ಅಲ್ಲಿ ಸರ್ಕಾರದ ಅನುದಾನವೇ ಆಸರೆ. ನಮ್ಮವರು ಆರಿಸಿಕೊಂಡ ದಾರಿಯೇ ಹೆಚ್ಚು ಭದ್ರವಾದದ್ದು ಎಂಬುದು ನನ್ನ ಖಚಿತ ಅಭಿಪ್ರಾಯ.

ಆದರೆ ಆ ದಾರಿಯ ನಡುವೆ ಒಂದು ತಡೆ ಇದೆ. ಕರ ವಸೂಲು ಮಾಡುವುದು ಪಾಲಿಕೆ, ಪುರಸಭೆಗಳು. ಖರ್ಚು ಮಾಡಬೇಕಾದದ್ದು ಪ್ರಾಧಿಕಾರ. ಮೊದಲನೆಯವರ ಖಾತೆಯಿಂದ ಎರಡನೆಯವರ ಖಾತೆಗೆ ಹಣ ದಾಟುವಲ್ಲಿ ವರ್ಷಗಟ್ಟಲೆ ಬಾಕಿ ಬೆಳೆಯುತ್ತದೆ. ಬೆಂಗಳೂರಿನ ಬಾಕಿಯೊಂದೇ ನೂರಾರು ಕೋಟಿ ರೂಪಾಯಿ ಎಂದು ಪತ್ರಿಕೆಗಳು ಮತ್ತೆ ಮತ್ತೆ ಬರೆದಿವೆ. ಎಷ್ಟು ಹಣ ಯಾವಾಗ ಬರುತ್ತದೆಂದು ತಿಳಿಯದವರು ಆಯವ್ಯಯ ಹೇಗೆ ಬರೆದಾರು? ಗ್ರಂಥಾಲಯ ಇಲಾಖೆಯ ನೌಕರರ ಸಂಬಳ ಸರ್ಕಾರದಿಂದ ಬರುವುದರಿಂದ ಬಾಗಿಲೇನೋ ತೆರೆದಿರುತ್ತದೆ. ಕೊರತೆ ಕಾಣುವುದು ಹೊಸ ಪುಸ್ತಕದ ಕಪಾಟಿನಲ್ಲಿ, ಸೋರುವ ಮಾಡಿನಲ್ಲಿ. ಚರಂಡಿ, ರಸ್ತೆಗೇ ದುಡ್ಡಿಲ್ಲದಾಗ ಪುಸ್ತಕಕ್ಕೇಕೆ ಮೀಸಲು, ಆದ್ಯತೆಯನ್ನು ಚುನಾಯಿತ ಸದಸ್ಯರೇ ನಿರ್ಧರಿಸಲಿ ಎನ್ನುವವರಿದ್ದಾರೆ. ಆದ್ಯತೆ ಅವರದೇ, ಒಪ್ಪೋಣ. ಆದರೆ ಅದು ಅವರ ಆದಾಯದ ಮಾತು. ಗ್ರಂಥಾಲಯದ ಹೆಸರು ಹೇಳಿ ಪಡೆದ ಹಣ ಪಾಲಿಕೆಯ ಆದಾಯವಲ್ಲ, ಅದರ ಕೈಯಲ್ಲಿರುವ ಇಡುಗಂಟು. ಎಲ್ಲವೂ ಮೊಬೈಲಿನಲ್ಲಿ ಸಿಗುವಾಗ ಗ್ರಂಥಾಲಯ ಯಾರಿಗೆ ಬೇಕು ಎಂಬ ಪ್ರಶ್ನೆಗೆ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರಿಂದ ತುಂಬಿರುವ ನಗರ ಕೇಂದ್ರ ಗ್ರಂಥಾಲಯಗಳ ಓದುಕೋಣೆಗಳೇ ಉತ್ತರ ಕೊಡುತ್ತವೆ. ಪ್ರಾಧಿಕಾರಗಳೂ ಸರಿಯಾಗಿ ಖರ್ಚು ಮಾಡುತ್ತವೆಯೇ ಎಂಬ ಅನುಮಾನ ಮಾತ್ರ ತೂಕದ್ದು. ಅದಕ್ಕೆ ಮದ್ದು ಲೆಕ್ಕವನ್ನು ಬಹಿರಂಗಪಡಿಸುವುದು, ಹಣ ತಡೆಹಿಡಿಯುವುದಲ್ಲ.

ಈಗ ಕಂದಾಯವನ್ನು ಆನ್‌ಲೈನಿನಲ್ಲೇ ಕಟ್ಟಬಹುದು. ಕಟ್ಟಿದ ಕ್ಷಣದಲ್ಲೇ ಆ 6 ರೂಪಾಯಿ ನೇರವಾಗಿ ಗ್ರಂಥಾಲಯ ನಿಧಿಗೆ ಸೇರುವಂತೆ ಕಾಯ್ದೆಗೆ ತಿದ್ದುಪಡಿ ತರಬೇಕು. ಅಲ್ಲಿಯವರೆಗೆ, ನಿಮ್ಮ ವಾರ್ಡಿನ ಸದಸ್ಯರು ಎದುರಾದಾಗ ಕೇಳಿ: ಈ ವರ್ಷ ಗ್ರಂಥಾಲಯ ಕರ ಎಷ್ಟು ಬಂತು, ಎಷ್ಟನ್ನು ದಾಟಿಸಿದಿರಿ?