ಹಿತ್ತಲದ ನೀರು, ಮನೆಯ ಕರೆಂಟು

(ರಜತ ಮಹೋತ್ಸವದ ಎರಡನೆಯ ದಿನ, ಮಹಿಳಾ ಸದಸ್ಯರ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ಭಾಷಣ ಮಾಡುವ ಮನುಷ್ಯ ಅಲ್ಲ. ಮೂವತ್ತು ವರ್ಷ ಮೋಟಾರು ಸುತ್ತಿದ್ದೇನೆ, ಮಿಕ್ಸರ್ ಬಿಚ್ಚಿದ್ದೇನೆ, ಫ್ಯಾನಿಗೆ ಕಂಡೆನ್ಸರ್ ಹಾಕಿದ್ದೇನೆ. ಕಾರ್ಯದರ್ಶಿಗಳು ಅಂಗಡಿಗೆ ಬಂದು "ಮಾಮಾ, ಹೆಣ್ಮಕ್ಕಳಿಗೆ ಉಪಯೋಗ ಆಗೋ ಎರಡು ಮಾತು ಹೇಳ್ರಿ" ಅಂದರು. "ನನಗೇನ್ ಬರತೈತಿ, ಬರೇ ಸ್ಕ್ರೂ ತಿರುವೂದು" ಅಂದೆ. "ಅದನ್ನ ಹೇಳ್ರಿ" ಅಂದರು. ಅದಕ್ಕೇ ನಿಂತಿದ್ದೇನೆ.

ಸಹಕಾರ ಸಂಘದ ವೇದಿಕೆ ಅಂದ ಮೇಲೆ ಕಣಗಿನಹಾಳವನ್ನು ನೆನೆಯದೆ ಮುಂದೆ ಹೋಗಬಾರದು. 1905ರಲ್ಲಿ ಗದಗ ಹತ್ತಿರದ ಆ ಹಳ್ಳಿಯಲ್ಲಿ ಸಿದ್ದನಗೌಡ ಪಾಟೀಲರು ಹಚ್ಚಿದ ದೀಪ ಅದು. ಆದರೆ ನನ್ನ ಕಸುಬಿಗೆ ಹತ್ತಿರದ ಉದಾಹರಣೆ ನಮ್ಮ ಮಗ್ಗುಲಲ್ಲೇ ಇದೆ. ಹುಕ್ಕೇರಿಯಲ್ಲಿ 1969ರಲ್ಲಿ ಜನರು ಕೂಡಿ ಕರೆಂಟು ಹಂಚುವುದಕ್ಕೇ ಒಂದು ಸಹಕಾರಿ ಸಂಘ ಕಟ್ಟಿದರು. ಬೀಜ ಗೊಬ್ಬರಕ್ಕೆ ಸಂಘ ಕಟ್ಟಿದವರು ಬಹಳ ಮಂದಿ, ಕರೆಂಟಿಗೆ ಕಟ್ಟಿದವರು ಅವರು. ಈ ಮಾತು ಯಾಕೆ ತೆಗೆದೆ ಅನ್ನುವುದು ಕೊನೆಗೆ ತಿಳಿಯುತ್ತದೆ.

ಮೊದಲು ಸಣ್ಣ ಮಾತು. ಅಕ್ಕಾರು ಮಿಕ್ಸರನ್ನು ಟಾವೆಲಿನಲ್ಲಿ ಸುತ್ತಿಕೊಂಡು ಕೂಸಿನ ಹಾಗೆ ಎತ್ತಿಕೊಂಡು ಅಂಗಡಿಗೆ ಬರುತ್ತಾರೆ. "ಶೇಂಗಾ ಹಿಂಡಿ ಮಾಡೂ ಮುಂದ ಗಪ್ ಅಂತ ನಿಂತೈತ್ರಿ, ಸತ್ತೈತೋ ಏನೋ" ಅನ್ನುತ್ತಾರೆ. ನಾನು ಅದನ್ನು ಬೋರಲು ಹಾಕಿ ತಳದಲ್ಲಿರುವ ಕೆಂಪು ಗುಂಡಿ ಒತ್ತುತ್ತೇನೆ. ಅದು ಗುರ್ ಅನ್ನುತ್ತದೆ. "ಎಷ್ಟಾತ್ರಿ?" ಅಂದರೆ "ಒಂದ ಕಪ್ ಚಹಾ" ಅನ್ನುತ್ತೇನೆ. ಮೋಟಾರಿನ ಮೇಲೆ ಭಾರ ಹೆಚ್ಚಾದಾಗ ಆ ಗುಂಡಿ ತಾನೇ ಹೊರಗೆ ಬಂದು ಕರೆಂಟು ಕಡಿಯುತ್ತದೆ. ಹತ್ತು ನಿಮಿಷ ಆರಲು ಬಿಟ್ಟು ಒತ್ತಿದರೆ ಮುಗಿಯಿತು. ಶೇಂಗಾ ಎಣ್ಣೆ ಬಿಡುತ್ತದೆ, ಬ್ಲೇಡಿನ ಸುತ್ತ ಉಂಡಿ ಕಟ್ಟುತ್ತದೆ. ಜಾರು ಅರ್ಧಕ್ಕಿಂತ ಹೆಚ್ಚು ತುಂಬಬಾರದು, ಒಂದೇ ಸಮನೆ ತಿರುಗಿಸದೆ ನಡುನಡುವೆ ಬಿಟ್ಟು ತಿರುವಬೇಕು. ಇದನ್ನು ಹೇಳಿಕೊಟ್ಟು ನನ್ನ ಗಿರಾಕಿ ನಾನೇ ಕಳಕೊಂಡೆ, ಇರಲಿ.

ಫ್ರಿಜ್ಜಿನದು ಬೇರೆ ಕಥೆ. ಕರೆಂಟು ಹೋಗಿ ಬಂದ ತಕ್ಷಣ ಅದನ್ನು ಹಚ್ಚಬಾರದು, ಐದು ನಿಮಿಷ ಬಿಡಬೇಕು. ಒಳಗಿನ ಗ್ಯಾಸಿನ ಒತ್ತಡ ಸಮ ಆಗುವುದಕ್ಕೆ ಅಷ್ಟು ಹೊತ್ತು ಬೇಕು. ಅದಕ್ಕಿಂತ ಮೊದಲು ಹಚ್ಚಿದರೆ ಕಂಪ್ರೆಸರ್ ಹುಂ ಹುಂ ಅಂತ ಗೋಳಾಡಿ ಬಿಸಿಯಾಗುತ್ತದೆ. ಲೈನಿನ ಮೇಲೆ ಪಂಪಿನ ಭಾರ ಬಿದ್ದು ವೋಲ್ಟೇಜು ಇಳಿದಾಗಲೂ ಅದೇ ಗೋಳು. ಗಾಳಿ ಮಳೆಗೆ ಕಂಬದ ಮೇಲಿನ ನ್ಯೂಟ್ರಲ್ ತಂತಿ ಹರಿದರಂತೂ 230 ವೋಲ್ಟು ಬರುವ ಮನೆಗೆ 400ರ ತನಕ ನುಗ್ಗಬಹುದು. ದೀಪ ಒಮ್ಮೆಲೇ ಹಾಲಿನಂತೆ ಬೆಳ್ಳಗೆ ಉರಿದರೆ ಯಾಕೆ ಅಂತ ಕೇಳುತ್ತ ನಿಲ್ಲಬೇಡಿ, ಓಡಿ ಹೋಗಿ ಮೇನ್ ಬಂದ್ ಮಾಡಿರಿ.

ಈಗ ಹಿತ್ತಲಕ್ಕೆ ಬರೋಣ. ಕರೆಂಟಿನ ಮಾತಿನಲ್ಲಿ ಹಿತ್ತಲ ಯಾಕೆ ಬಂತು ಅಂತ ಅಲ್ಲಿ ಹಿಂದೆ ಕುಳಿತವರು ನಗಬೇಡ್ರಿ.

ನಮ್ಮ ಕಡೆ ಮಿರಗದ ಮಳಿ ಬಿತ್ತೆಂದರೆ ಹಿತ್ತಲದಲ್ಲಿ ಕೈ ಆಡಿಸದ ಹೆಣ್ಣುಮಗಳಿಲ್ಲ. ಕುಂಬಾರಿಕೆಯ ಹಾಗೆ ಅದೂ ಒಂದು ಕೈಚಳಕ. ಬೇಲಿಗುಂಟ ಅವರಿ, ಹೀರಿ, ಮಡಿಯಲ್ಲಿ ಬದನಿ, ಚವಳಿ, ಬೆಂಡಿ, ಮೂಲೆಯಲ್ಲಿ ಪುಂಡಿ ಪಲ್ಲೆ, ಬಚ್ಚಲ ನೀರು ಹೋಗುವಲ್ಲಿ ಬಾಳಿ, ಕೆಸು. ಬೆಂಡಿಯ ಎಲೆ ನರ ಹಳದಿಯಾಗಿ ಗಿಡ ಕೆಡುತ್ತದೆ ಅನ್ನುವವರು ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ ತಳಿ ಹಾಕಿ ನೋಡಿರಿ, ಆ ರೋಗವನ್ನು ತಡೆಯುವಂತೆ ಬೆಳೆಸಿದ್ದು ಅದು. ಮೆಂತೆ, ಕೊತ್ತಂಬರಿ ಒಂದೇ ದಿನ ಎಲ್ಲ ಹಾಕದೆ ಹದಿನೈದು ದಿನಕ್ಕೊಮ್ಮೆ ಒಂದೊಂದು ಹಿಡಿ ಹಾಕಿದರೆ ಮನೆಗೆ ಸದಾ ಹಸಿರು ಇರುತ್ತದೆ. ಇದೆಲ್ಲ ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ನಾನು ಹೇಳಬೇಕಾದ್ದು ನೀರಿನ ಮಾತು. ಅಕ್ಕಿ, ಬ್ಯಾಳಿ, ಕಾಯಿಪಲ್ಲೆ ತೊಳೆದ ನೀರು ಗಿಡಕ್ಕೆ ಅಮೃತ. ಮೈ ತೊಳೆದ ನೀರು ಬಾಳಿಗೆ ನಡೆಯುತ್ತದೆ. ಆದರೆ ವಾಷಿಂಗ್ ಮಷೀನ್ ಹೊರಗೆ ಉಗುಳುವ ಪುಡಿಯ ನೀರನ್ನು ಬದನಿ ಮಡಿಗೆ ಬಿಡಬೇಡಿರಿ. ಆ ಪುಡಿಯಲ್ಲಿ ಸೋಡಿಯಂ ಇರುತ್ತದೆ. ಎರಿ ಮಣ್ಣಿಗೆ ಅದು ಸೇರುತ್ತ ಹೋದರೆ ಮಣ್ಣು ಕಲ್ಲಿನಂತೆ ಬಿಗಿದುಕೊಂಡು ನೀರು ಇಂಗುವುದಿಲ್ಲ. ಕೃಷ್ಣೆಯ ದಂಡೆಗೆ ಕಬ್ಬಿಗೆ ನೀರು ನಿಲ್ಲಿಸಿ ನಿಲ್ಲಿಸಿ ಅಥಣಿ, ರಾಯಬಾಗ, ಚಿಕ್ಕೋಡಿ ಕಡೆ ಎಷ್ಟು ಹೊಲ ಸವಳು ಹಿಡಿದಾವು ಅನ್ನುವುದನ್ನು ನೀವು ಕಣ್ಣಾರೆ ನೋಡಿದ್ದೀರಿ. ಹೊಲದಲ್ಲಿ ಇಪ್ಪತ್ತು ವರ್ಷಕ್ಕೆ ಆದದ್ದು ಹಿತ್ತಲದ ಒಂದು ಮಡಿಯಲ್ಲಿ ಬೇಗ ಆಗುತ್ತದೆ.

ಇನ್ನು ನಮ್ಮ ಮನೆಯಲ್ಲೇ ಆದದ್ದು ಹೇಳುತ್ತೇನೆ. ಹೇಳಲು ನಾಚಿಕೆ, ಆದರೂ ಹೇಳಬೇಕು.

2016ರ ಬೇಸಿಗೆ ನಿಮಗೆಲ್ಲ ನೆನಪಿದೆ. ಹೊಳೆಯಲ್ಲಿ ನೀರಿರಲಿಲ್ಲ. ನಮ್ಮ ಮಿರಜದಿಂದ ಲಾತೂರಿಗೆ ರೈಲಿನಲ್ಲಿ ನೀರು ಹೋದ ವರ್ಷ ಅದು. ನಮ್ಮ ಮನೆಯಲ್ಲಿ ಒಂದು ಹನಿ ಚೆಲ್ಲಬಾರದು ಅಂತ ಬಚ್ಚಲ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಮುಂದಿನ ಕರಿಬೇವಿಗೆ, ತುಳಸಿಗೆ ಹಾಕುತ್ತಿದ್ದೆವು. ಹಿಂದಿನ ಮೂಲೆಗೆ ಹೋಗುವ ಕಾಲುವೆ ಒಣಗಿತು. ಅಲ್ಲಿಯ ಬಾಳಿ ಬಾಡಿತು. ನಮ್ಮ ವೈನಿ ಎರಡು ಸಲ ಅಂದಿದ್ದರು, "ಆ ಮೂಲ್ಯಾಗಿನ ಬಾಳಿ ಒಣಗೇತಿ ನೋಡೋ, ಒಂದ ಬಕೆಟ್ ಹಾಕೋ." "ಬಾಳಿ ಹೋದ್ರ ಹೋಗಲಿ ಬಿಡ್ರಿ ವೈನಿ, ಮಿರಗಕ್ಕ ಬ್ಯಾರೆ ಹಚ್ಚೂಣು" ಅಂದೆ.

ಆ ಬಾಳಿಯಿಂದ ಎರಡು ಮಾರು ದೂರದಲ್ಲಿ ಮನೆಯ ಅರ್ಥಿಂಗ್ ಗುಂಡಿ ಇತ್ತು. ನಾನೇ ಕೈಯಾರೆ ಹಾಕಿದ್ದು. ಊರಿಗೆಲ್ಲ ಬುದ್ಧಿ ಹೇಳುವವನಿಗೆ ಅದು ಮರೆತು ಹೋಗಿತ್ತು. ಎರಿ ಮಣ್ಣು ಒಣಗಿದರೆ ಬಿರಿಯುತ್ತದೆ, ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಹಾಗೆ ಬಿರಿದಾಗ ಗುಂಡಿಯ ಇದ್ದಲಿ, ಉಪ್ಪು ಒಣಗುತ್ತವೆ, ಸುತ್ತಲಿನ ಮಣ್ಣು ಸರಿದು ನಿಲ್ಲುತ್ತದೆ. ಕರೆಂಟು ನೆಲಕ್ಕೆ ಇಳಿಯಲು ದಾರಿ ಉಳಿಯುವುದಿಲ್ಲ. ಗೋಡೆಯ ಮೇಲೆ ನೋಡಿದರೆ ಮೂರು ಪಿನ್ನಿನ ಸಾಕೆಟ್ಟು ಇದೆ, ಹಸಿರು ತಂತಿ ಇದೆ. ನೆಲದಲ್ಲಿ ಏನೂ ಇಲ್ಲ.

ಮೇ ತಿಂಗಳಲ್ಲಿ ಒಂದು ದಿನ ವಾಷಿಂಗ್ ಮಷೀನಿನ ಹಿಂದಿನ ತಂತಿ ಇಲಿ ಕಡಿದು, ತಾಮ್ರ ತಗಡಿಗೆ ತಾಗಿತ್ತು. ವೈನಿ ಹಸಿ ಕೈಯಿಂದ ಅರಿವಿ ತೆಗೆಯಲು ಹೋದರು. ಚೀರಿದ್ದು ಕೇಳಿ ಓಡಿ ಬಂದೆ. ದೇವರ ದಯೆ, ಹಿಂದಕ್ಕೆ ಬಿದ್ದರು. ಅದಕ್ಕೇ ಕೈ ಬಿಟ್ಟಿತು. ಹಿಡಿದುಕೊಂಡಿದ್ದರೆ ಇಂದು ಈ ಮಾತು ನಾನು ಹೇಳುತ್ತಿರಲಿಲ್ಲ. ಅಂಗೈ ಸುಟ್ಟಿತ್ತು, ಎರಡು ದಿನ ಬಲಗೈ ಮೇಲೆ ಎತ್ತಲು ಬರಲಿಲ್ಲ. ಅಣ್ಣ ನನ್ನ ಜೊತೆ ಒಂದು ವಾರ ಮಾತಾಡಲಿಲ್ಲ. ವೈನಿ ಮಾತ್ರ ಮೂರನೆಯ ದಿನ "ಬಾಳಿಗಿ ನೀರ ಹಾಕಿದ್ಯೋ ಇಲ್ಲೋ?" ಅಂತ ಕೇಳಿದರು.

ಅಂದಿನಿಂದ ನಾನು ಮನೆ ಮನೆಗೆ ಹೋದಾಗ ಮೊದಲು ಹಿತ್ತಲಕ್ಕೆ ಹೋಗುತ್ತೇನೆ, ಆಮೇಲೆ ಬೋರ್ಡು ನೋಡುತ್ತೇನೆ. ಎಷ್ಟೋ ಮನೆಗಳಲ್ಲಿ ಗುಂಡಿಯೇ ಇಲ್ಲ. ಕೆಲವು ಕಡೆ ಫ್ರಿಜ್ಜಿನ ಮೂರನೆಯ ಪಿನ್ನು ಕತ್ತರಿಸಿ ಎರಡು ತೂತಿನ ಸಾಕೆಟ್ಟಿಗೆ ಹಾಕಿದ್ದಾರೆ. ಅಂಥ ಕೆಲಸವನ್ನು ಮೊದಲಿನ ದಿನಗಳಲ್ಲಿ ಗಿರಾಕಿ ಅವಸರ ಮಾಡಿದರೆಂದು ನಾನೂ ಮಾಡಿಕೊಟ್ಟಿದ್ದೇನೆ. ನನ್ನ ಕೈಯಿಂದ ಹಾಗೆ ಮಾಡಿಸಿಕೊಂಡವರು ಇಲ್ಲಿದ್ದರೆ ದಯವಿಟ್ಟು ಹೇಳಿರಿ, ಬಂದು ಬದಲಿಸಿ ಕೊಡುತ್ತೇನೆ, ಕೂಲಿ ಬೇಡ.

ಗುಂಡಿ ಹೇಗಿರಬೇಕು ಅಂದರೆ, ಗೋಡೆಯಿಂದ ಐದು ಅಡಿಯಾದರೂ ದೂರ ಇರಲಿ. ಎಂಟು ಅಡಿಯಷ್ಟು ಆಳಕ್ಕೆ ತೂತು ಇರುವ ಒಂದೂವರೆ ಇಂಚಿನ ಜಿ.ಐ. ಪೈಪು, ಸುತ್ತಲೂ ಒಂದು ಪದರ ಇದ್ದಲಿ, ಒಂದು ಪದರ ಉಪ್ಪು. ಪೈಪಿನ ಬಾಯಿಗೆ ಆಳಿಕೆ ಕೂಡಿಸಿ, ಮೇಲೆ ಚೌಕಟ್ಟು ಕಟ್ಟಿ ಮುಚ್ಚಳ ಇಡಬೇಕು. ಹಲವರು ಸಿಮೆಂಟಿನಿಂದ ಮುಚ್ಚಿ ಮೇಲೆ ಫರಸಿ ಹಾಸಿಬಿಡುತ್ತಾರೆ, ನೀರು ಹಾಕಲು ಬಾಯಿಯೇ ಇರುವುದಿಲ್ಲ. ಮಾಘ ಕಳೆದ ಮೇಲೆ ಮಳೆ ಬರುವ ತನಕ ವಾರಕ್ಕೆ ಎರಡು ಕೊಡ ನೀರು ಆಳಿಕೆಯಲ್ಲಿ ಹಾಕಿರಿ. ಕಾಯಿಪಲ್ಲೆ ತೊಳೆದ ನೀರಾದರೂ ಆದೀತು. ಉಪ್ಪಿನ ಗುಂಡಿಯ ಮಗ್ಗುಲಿಗೇ ಬದನಿ, ಅವರಿ ಹಚ್ಚಬೇಡಿರಿ, ಸುಟ್ಟು ಹೋಗುತ್ತವೆ. ಎರಡು ಮಾರು ಆಚೆ ಒಂದು ಬಾಳಿ ಇರಲಿ. ಅದರ ಎಲೆ ಜೋತು ಬಿದ್ದರೆ ಗುಂಡಿಯೂ ಬಾಯಾರಿದೆ ಅಂತ ತಿಳಿಯಿರಿ. ನಮ್ಮ ಮನೆಯಲ್ಲಿ ಈಗ ಅದೇ ನಮ್ಮ ಮೀಟರು.

ಅರ್ಥಿಂಗ್ ಒಂದೇ ಇದ್ದರೆ ಸಾಕೇ ಅಂದರೆ ಸಾಲದು. ಮೇನ್ ಬೋರ್ಡಿನಲ್ಲಿ ಆರ್‌ಸಿಸಿಬಿ ಅಂತ ಒಂದು ಸ್ವಿಚ್ಚು ಬರುತ್ತದೆ. 30 ಮಿಲಿ ಆಂಪಿಯರಿನಷ್ಟು ಕರೆಂಟು ದಾರಿ ತಪ್ಪಿ ಹೊರಗೆ ಸೋರಿದರೂ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಬೀಳುತ್ತದೆ. ಫ್ಯೂಜಿನಂತೆ ಅದು ಮಷೀನು ಕಾಯುವುದಲ್ಲ, ಮನುಷ್ಯರನ್ನು ಕಾಯುವುದು. ಅದು ಮೇಲಿಂದ ಮೇಲೆ ಬೀಳುತ್ತದೆ ಅಂತ ಕೆಲವರು ಕಿತ್ತು ಹಾಕಿಸುತ್ತಾರೆ. ನಾಯಿ ಬೊಗಳುತ್ತದೆ ಅಂತ ನಾಯಿ ಹೊಡೆದು ಕಳ್ಳನಿಗೆ ಬಾಗಿಲು ತೆಗೆದ ಹಾಗೆ ಅದು. ನೀರು ಕಾಯಿಸುವ ಕಾಯಿಲ್ ಇದ್ದ ಮನೆಗೆ ಇದು ಬೇಕೇ ಬೇಕು. ಕಾಯಿಲ್ ಹಚ್ಚಿ ಬಕೆಟ್ಟಿನಲ್ಲಿ ಬೆರಳು ಅದ್ದಿ ಬಿಸಿ ನೋಡುವ ರೂಢಿ ಇಂದೇ ಬಿಡಿರಿ.

ಹೊಳೆ ಬಂದಾಗಿನ ಮಾತೂ ಹೇಳಬೇಕು. 2005ರಲ್ಲಿ ಬಂತು, 2019ರ ಆಗಸ್ಟಿನಲ್ಲಿ ಬಂತು, 2021ರಲ್ಲಿ ಮತ್ತೆ ಬಂತು. ಕೃಷ್ಣಾ, ದೂಧಗಂಗಾ, ವೇದಗಂಗಾ ಮೂರೂ ಏರಿ ನಿಪ್ಪಾಣಿಯಿಂದ ಕಾಗವಾಡದ ತನಕ ದಂಡೆಯ ಊರು ಮುಳುಗಿದವು. ನೀರು ಇಳಿದ ಮೇಲೆ ಜನ ಮೊದಲು ಮಾಡಿದ ಕೆಲಸ ಸ್ವಿಚ್ಚು ಒತ್ತಿ ನೋಡಿದ್ದು. ಅದು ಸಾವನ್ನು ಕರೆದ ಹಾಗೆ. ಸಾಕೆಟ್ಟಿನ ಒಳಗೆ ರಾಡಿ ತುಂಬಿರುತ್ತದೆ, ಗೋಡೆ ಹಸಿ ಇರುತ್ತದೆ. ಮೇನ್ ತೆಗೆದೇ ಇರಲಿ, ಬೋರ್ಡು ಬಿಚ್ಚಿ ತೊಳೆದು ಒಣಗಿಸಿ, ತಿಳಿದವರಿಂದ ತೋರಿಸಿದ ಮೇಲೆಯೇ ಹಚ್ಚಬೇಕು. ಮುಳುಗಿದ ಮಿಕ್ಸರ್, ಪಂಪು ಬಿಚ್ಚಿ ನಾಲ್ಕು ದಿನ ಬಿಸಿಲಿಗೆ ಇಟ್ಟರೆ ಬಹಳಷ್ಟು ಬದುಕುತ್ತವೆ. ಹಸಿ ಇದ್ದಾಗಲೇ ಹಚ್ಚಿದವು ಸುಟ್ಟು ನನ್ನ ಅಂಗಡಿಗೆ ಬಂದವು. ಫ್ರಿಜ್ಜಿನ ಕಂಪ್ರೆಸರ್ ಬಿಗಿ ಮುಚ್ಚಿದ ಡಬ್ಬಿ, ಅದರೊಳಗೆ ಸಾಮಾನ್ಯವಾಗಿ ನೀರು ಹೋಗುವುದಿಲ್ಲ, ಮೇಲಿನ ರಿಲೇ, ತಂತಿ ಕೆಡುತ್ತವೆ. ಆದ್ದರಿಂದ ಅವಸರ ಮಾಡಿ ಗುಜರಿಗೆ ಕೊಡಬೇಡಿ. ಹಿತ್ತಲದಲ್ಲಿ ಪಪ್ಪಾಯಿ, ನುಗ್ಗಿ ನಿಂತ ನೀರಿಗೆ ಕೊಳೆತವು. ಕೆಸು ಮಾತ್ರ ರಾಡಿಯೊಳಗಿಂದ ಮೊದಲು ತಲೆ ಎತ್ತಿತು. ನೀರು ಇಳಿದ ತಿಂಗಳೊಳಗೆ ಕೆಲವರು ಆ ಹೊಸ ಮೆಕ್ಕಲು ಮಣ್ಣಿನಲ್ಲೇ ಮೆಂತೆ ಚೆಲ್ಲಿ ಪಲ್ಲೆ ತಿಂದರು.

2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಬಿಲ್ಲಿನ ಹೆದರಿಕೆ ಕಡಿಮೆಯಾಗಿ ಮನೆಮನೆಗೆ ಮಷೀನು ಹೆಚ್ಚಾಗಿವೆ. ಸಂತೋಷ. ಅವ್ವಾರ ಸೊಂಟದ ನೋವು ಇಳಿದರೆ ಯಾರಿಗೆ ಬೇಡ? ನಮ್ಮ ಸಂಘವೂ ಫ್ರಿಜ್ಜು, ವಾಷಿಂಗ್ ಮಷೀನಿಗೆ ಸಾಲ ಕೊಡುತ್ತದೆ. ಅರ್ಜಿಯಲ್ಲಿ ಜಾಮೀನು ಯಾರು, ಕೊಟೇಶನ್ ಎಲ್ಲಿದೆ ಅಂತ ಕೇಳುತ್ತಾರೆ. ಮನೆಯಲ್ಲಿ ಅರ್ಥಿಂಗ್ ಇದೆಯೇ ಅಂತ ಯಾರೂ ಕೇಳುವುದಿಲ್ಲ. ಅಧ್ಯಕ್ಷರು ಇಲ್ಲೇ ಇದ್ದಾರೆ, ಅವರ ಮುಂದೆಯೇ ಬೇಡುತ್ತೇನೆ. ಅರ್ಜಿಯಲ್ಲಿ ಆ ಒಂದು ಸಾಲು ಸೇರಿಸಿರಿ. ಇಲ್ಲ ಅಂದವರಿಗೆ ಮಷೀನಿನ ಸಾಲದ ಜೊತೆಗೇ ಗುಂಡಿಗೂ ಆರ್‌ಸಿಸಿಬಿಗೂ ಸೇರಿಸಿ ಕೊಡಿರಿ. ಪೈಪು, ಇದ್ದಲಿ, ಉಪ್ಪು ಸಂಘದಿಂದ ಒಟ್ಟಿಗೆ ತರಿಸಿದರೆ ಅಗ್ಗ ಬೀಳುತ್ತದೆ, ಗೊಬ್ಬರ ತರಿಸಿದ ಹಾಗೆಯೇ. ಹುಕ್ಕೇರಿಯವರು ತಾಲೂಕಿಗೆ ಕರೆಂಟು ಹಂಚಲು ಕೂಡಿದರು. ನಾವು ಒಂದು ಊರಿನ ಗುಂಡಿ ತೋಡಲು ಕೂಡಲಾರೆವೇ?

ಬರುವ ಸೋಮವಾರದಿಂದ ದಿನಕ್ಕೆ ಐದು ಮನೆಯಂತೆ ನಾನು ಬಂದು ನೋಡುತ್ತೇನೆ. ಸಂಘದ ಕಚೇರಿಯಲ್ಲಿ ಒಂದು ವಹಿ ಇಟ್ಟಿದ್ದಾರೆ, ಹೆಸರು ಬರೆಸಿರಿ. ಬರುವಾಗ ಹಿತ್ತಲ ಬಾಗಿಲು ತೆಗೆದಿಡಿರಿ, ನಾಯಿ ಇದ್ದರೆ ಕಟ್ಟಿರಿ.